ಮೈಸೂರು ಜಿಲ್ಲೆಯ ಹೊಗೆಸೊಪ್ಪಿನ ಸೀಮೆಯಲ್ಲಿ ಹೆರಿಗೆ ರಜೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಪ್ರದೇಶವೆಂದು ಹೆಸರಾಗಿವೆ. ಈ ಸೀಮೆಯಲ್ಲಿ ವೇತನಸಹಿತ ಹೆರಿಗೆ ರಜೆ ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ, ಅದರ ಕಾನೂನು ಕಾರಣಗಳೇನು ಎಂಬುದು ಈ ಲೇಖನದ ವಿಷಯ. ಭಾರತದಲ್ಲಿ ಹೆರಿಗೆ ರಜೆಯ ಅವಧಿ 26 ವಾರ. ಅವಧಿಯ ದೃಷ್ಟಿಯಿಂದ ಇದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವಿಧಿಸಿರುವ ಕನಿಷ್ಠ 14 ವಾರಗಳಿಗಿಂತ ಬಹಳ ಹೆಚ್ಚು. ಆದರೆ ಈ ಹಕ್ಕು ತಾಯ್ತನಕ್ಕೆ ಅಲ್ಲ, ಕೆಲಸದ ಸ್ಥಳದ ಸ್ವರೂಪಕ್ಕೆ ಅಂಟಿಕೊಂಡಿದೆ. ಆದ್ದರಿಂದ ಒಂದೇ ಊರಿನ ಶಾಲಾ ಶಿಕ್ಷಕಿ, ಕಾರ್ಖಾನೆಯ ಕೆಲಸಗಾರ್ತಿ, ಕೊಡಗಿನ ಕಾಫಿ ತೋಟಕ್ಕೆ ಹೋಗುವ ಕೂಲಿಯಾಳು ಮತ್ತು ಹೊಗೆಸೊಪ್ಪು ಕಟ್ಟುವ ಹೆಣ್ಣಾಳು ಹೆರಿಗೆಯ ಹೊತ್ತಿಗೆ ನಾಲ್ಕು ಬೇರೆ ಬೇರೆ ಸ್ಥಿತಿಗಳಲ್ಲಿರುತ್ತಾರೆ.

ಪರಿಭಾಷೆ

ಮಗುವಿನ ಜನನಕ್ಕೆ ಸಂಬಂಧಿಸಿದ ರಜೆಗಳನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ. ಹೆರಿಗೆಯ ಮುನ್ನ ಮತ್ತು ನಂತರ ತಾಯಿಗೆ ದೊರೆಯುವುದು ಹೆರಿಗೆ ರಜೆ. ಅದೇ ಸಂದರ್ಭದಲ್ಲಿ ತಂದೆಗೆ ದೊರೆಯುವುದು ಪಿತೃತ್ವ ರಜೆ. ಆ ಬಳಿಕ ಮಗುವಿನ ಪಾಲನೆಗಾಗಿ ತಾಯಿ ತಂದೆಯರಲ್ಲಿ ಯಾರಾದರೂ ಪಡೆಯಬಹುದಾದದ್ದು ಪೋಷಕ ರಜೆ. ಹೆರಿಗೆ ಸೌಲಭ್ಯ ಎಂಬ ಪದ ಇನ್ನೂ ವಿಶಾಲವಾದದ್ದು. ರಜೆಯ ಅವಧಿಯ ವೇತನ, ವೈದ್ಯಕೀಯ ಭತ್ಯೆ, ಕೆಲಸದಿಂದ ತೆಗೆಯದಂತೆ ರಕ್ಷಣೆ, ಹಾಲುಣಿಸಲು ಬಿಡುವು, ಶಿಶುಪಾಲನಾ ಕೇಂದ್ರ ಇವೆಲ್ಲ ಅದರಲ್ಲಿ ಸೇರುತ್ತವೆ. ಸರ್ಕಾರವು ಬಸುರಿಯರಿಗೆ ನೀಡುವ ನಗದು ನೆರವು ಇವುಗಳಿಂದ ಬೇರೆ. ಅದು ನಿಗದಿತ ಮೊತ್ತದ ಸಹಾಯಧನವೇ ಹೊರತು ಕಳೆದುಹೋದ ಕೂಲಿಗೆ ಬದಲಾಗಿ ಲೆಕ್ಕಹಾಕಿ ಕೊಡುವ ವೇತನವಲ್ಲ.

ಪ್ರದೇಶ ಮತ್ತು ದುಡಿಮೆ

ಈ ನಾಲ್ಕು ತಾಲ್ಲೂಕುಗಳು ಜಿಲ್ಲೆಯ ಪಶ್ಚಿಮ ಭಾಗದಲ್ಲಿವೆ. ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಹೆಗ್ಗಡದೇವನಕೋಟೆಯಿಂದ ಸರಗೂರೂ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಕೃಷ್ಣರಾಜನಗರದ ಕಾವೇರಿ ನಾಲೆಗಳ ಬಯಲಿನಲ್ಲಿ ಭತ್ತ ಪ್ರಧಾನ ಬೆಳೆ. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹತ್ತಿ, ಮುಸುಕಿನ ಜೋಳಗಳೊಂದಿಗೆ ವರ್ಜೀನಿಯಾ ಹೊಗೆಸೊಪ್ಪು ಮುಖ್ಯ ವಾಣಿಜ್ಯ ಬೆಳೆಯಾಗಿದೆ. ಪಶ್ಚಿಮದ ಅಂಚಿನಲ್ಲಿ ನಾಗರಹೊಳೆ ಅರಣ್ಯವೂ ಅದರಾಚೆ ಕೊಡಗಿನ ಕಾಫಿ ತೋಟಗಳೂ ಇವೆ.

1975ರ ತಂಬಾಕು ಮಂಡಳಿ ಕಾಯ್ದೆಯನ್ವಯ ರಚನೆಯಾದ ತಂಬಾಕು ಮಂಡಳಿಯು ಬೆಳೆಗಾರರನ್ನು ನೋಂದಾಯಿಸುತ್ತದೆ ಮತ್ತು ಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಪರವಾನಗಿ ನೀಡುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಅದರ ಹರಾಜು ಕಟ್ಟೆಗಳಿವೆ. ತಂಬಾಕು ಸಂಶೋಧನಾ ಕೇಂದ್ರವೊಂದು ಹುಣಸೂರಿನಲ್ಲಿದೆ.

ಹೊಗೆಸೊಪ್ಪಿನ ಕೆಲಸ ವರ್ಷದ ಬಹುಭಾಗ ನಡೆಯುತ್ತದೆ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಮಳೆಗಳಿಗೆ ನಾಟಿ, ಬಳಿಕ ಕಳೆ ತೆಗೆಯುವುದು ಮತ್ತು ಕುಡಿ ಮುರಿಯುವುದು, ಜುಲೈ ವೇಳೆಗೆ ಸೊಪ್ಪು ಕೀಳುವುದು, ಕಿತ್ತ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿ ಬೇಯಿಸುವುದು, ಬೆಂದ ಸೊಪ್ಪನ್ನು ದರ್ಜೆವಾರು ಬೇರ್ಪಡಿಸಿ ಬೇಲು ಕಟ್ಟುವುದು ಇದರ ಹಂತಗಳು. ಸಸಿ ನಾಟಿ, ಕಳೆ, ಸೊಪ್ಪು ಕಟ್ಟುವಿಕೆ ಮತ್ತು ದರ್ಜೆ ವಿಂಗಡಣೆಗಳಲ್ಲಿ ಹೆಂಗಸರ ದುಡಿಮೆಯೇ ಹೆಚ್ಚು. ಕಿತ್ತ ಸೊಪ್ಪನ್ನು ಬಾಡುವ ಮೊದಲೇ ಕಟ್ಟಿ ಬ್ಯಾರನ್ ತುಂಬಬೇಕಾಗಿರುವುದರಿಂದ ಆ ದಿನಗಳಲ್ಲಿ ಬಿಡುವೆಂಬುದು ಇರುವುದಿಲ್ಲ.

ಇಲ್ಲಿನ ಹಿಡುವಳಿಗಳು ಸಾಮಾನ್ಯವಾಗಿ ಸಣ್ಣವು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಉಳುವವರು ಒಡೆಯರಾದರು. ಹೆರಿಗೆ ರಜೆಯ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮುಖವಿದೆ: ಸ್ವಂತ ಹೊಲದಲ್ಲಿ ದುಡಿಯುವ ರೈತ ಮಹಿಳೆಗೆ ಮಾಲೀಕರಿಲ್ಲ, ಕೂಲಿಯೂ ಇಲ್ಲ, ಆದುದರಿಂದ ರಜೆಯನ್ನು ಕೇಳುವುದಾದರೂ ಯಾರನ್ನು ಎಂಬ ಪ್ರಶ್ನೆ ಉಳಿಯುತ್ತದೆ. ಬಿಡುವಿಲ್ಲದ ದಿನಗಳಲ್ಲಿ ಅಕ್ಕಪಕ್ಕದ ಮನೆಗಳವರು ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗುವ ವಾಡಿಕೆಯೂ ಇದೆ. ಹೆರಿಗೆಯಾದವಳು ತೀರಿಸಬೇಕಾದ ಮುಯ್ಯಿಯನ್ನು ಮನೆಯ ಬೇರೊಬ್ಬರು ತೀರಿಸಬೇಕಾಗುತ್ತದೆ, ಇಲ್ಲವೇ ಕೂಲಿ ಕೊಟ್ಟು ಆಳು ಹಿಡಿಯಬೇಕಾಗುತ್ತದೆ.

ಬಾಣಂತನದ ರೂಢಿ

ಕಾನೂನು ಬರುವ ಮೊದಲೂ ಹೆರಿಗೆಯ ವಿಶ್ರಾಂತಿ ಎಂಬುದು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಬಾಣಂತಿಗೆ ಎಣ್ಣೆನೀರು ಹಾಕಿ ಪಥ್ಯದ ಊಟ ಕೊಟ್ಟು ಕೆಲವು ತಿಂಗಳು ಮನೆಗೆಲಸದಿಂದ ದೂರವಿಡುವುದು, ಬಳಿಕ ಮಡಿಲು ತುಂಬಿ ತಾಯಿ ಮಗುವನ್ನು ಗಂಡನ ಮನೆಗೆ ಕಳುಹಿಸುವುದು ಹಳೆಯ ಮೈಸೂರು ಪ್ರಾಂತ್ಯದ ಬಹುತೇಕ ಸಮುದಾಯಗಳಲ್ಲಿರುವ ರೂಢಿ. ಇದು ಒಂದು ಬಗೆಯ ರಜೆಯೇ ಹೌದು. ಆದರೆ ಅದರ ಖರ್ಚನ್ನು ಹೊರುವುದು ತವರುಮನೆ.

ಈ ರೂಢಿಯ ಅವಧಿ ತವರಿನ ಶಕ್ತಿಯನ್ನು ಅವಲಂಬಿಸಿದೆ. ತವರಿನವರೂ ಕೂಲಿಕಾರರಾಗಿದ್ದಲ್ಲಿ ಬಾಣಂತಿಯ ಆರೈಕೆಗಾಗಿ ಅವಳ ತಾಯಿಯೂ ಕೂಲಿ ಬಿಡಬೇಕಾಗುತ್ತದೆ. ಹೀಗೆ ಒಂದು ಹೆರಿಗೆಯಿಂದ ಎರಡು ದುಡಿಮೆಗಳು ನಿಲ್ಲುತ್ತವೆ. ಎರಡನೆಯ ಮತ್ತು ಮುಂದಿನ ಹೆರಿಗೆಗಳು ಗಂಡನ ಮನೆಯಲ್ಲಿಯೇ ಆಗುವುದುಂಟು. ಆಗ ವಿಶ್ರಾಂತಿಯ ಅವಧಿ ಇನ್ನಷ್ಟು ಕಿರಿದಾಗುತ್ತದೆ.

ಕಾನೂನಿನ ಬೆಳವಣಿಗೆ

ಭಾರತದಲ್ಲಿ ಹೆರಿಗೆ ಸೌಲಭ್ಯ ಕುರಿತ ಮೊದಲ ಪ್ರಾಂತೀಯ ಕಾನೂನು 1929ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಂದಿತು. 1941ರಲ್ಲಿ ಗಣಿ ಕಾರ್ಮಿಕ ಮಹಿಳೆಯರಿಗಾಗಿ ಪ್ರತ್ಯೇಕ ಕಾಯ್ದೆಯೂ 1948ರಲ್ಲಿ ನೌಕರರ ರಾಜ್ಯ ವಿಮಾ (ಇ.ಎಸ್.ಐ.) ಕಾಯ್ದೆಯೂ ಜಾರಿಯಾದವು. ಸಂವಿಧಾನದ 42ನೆಯ ವಿಧಿಯು ನ್ಯಾಯಯುತವಾದ ಹಾಗೂ ಮಾನವೀಯವಾದ ಕೆಲಸದ ಸ್ಥಿತಿಗತಿಗಳನ್ನೂ ಹೆರಿಗೆ ಸೌಲಭ್ಯವನ್ನೂ ಒದಗಿಸುವುದು ರಾಜ್ಯದ ಕರ್ತವ್ಯವೆಂದು ನಿರ್ದೇಶಿಸುತ್ತದೆ. ಪ್ರಾಂತೀಯ ಕಾನೂನುಗಳ ಸ್ಥಾನದಲ್ಲಿ ಏಕರೂಪದ ಹೆರಿಗೆ ಸೌಲಭ್ಯ ಕಾಯ್ದೆ 1961ರಲ್ಲಿ ಬಂದಿತು. ಅದು ನೀಡುತ್ತಿದ್ದ ರಜೆ 12 ವಾರ. 2017ರ ತಿದ್ದುಪಡಿಯು ಅದೇ ವರ್ಷದ ಏಪ್ರಿಲ್ 1ರಿಂದ ಈ ಅವಧಿಯನ್ನು 26 ವಾರಗಳಿಗೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಈ ಕಾಯ್ದೆಯ ಸ್ಥಾನವನ್ನು ಪಡೆದಿದೆ. ರಜೆಯ ಅವಧಿ ಮತ್ತು ಮುಖ್ಯ ಷರತ್ತುಗಳನ್ನು ಅದು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ.

ಮುಖ್ಯ ಅಂಶಗಳು ಹೀಗಿವೆ:

• ಮೊದಲ ಎರಡು ಮಕ್ಕಳಿಗೆ ತಲಾ 26 ವಾರಗಳ ವೇತನಸಹಿತ ರಜೆ. ಇದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮುಂಚೆ ಪಡೆಯಬಹುದು.
• ಬದುಕಿರುವ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ತಾಯಿಗೆ 12 ವಾರ.
• ಗರ್ಭಪಾತವಾದಲ್ಲಿ 6 ವಾರ. ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ.
• ಹೆರಿಗೆಯ ನಂತರದ 6 ವಾರಗಳಲ್ಲಿ ಮಹಿಳೆಯನ್ನು ದುಡಿಸಿಕೊಳ್ಳುವಂತಿಲ್ಲ.
• ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲೂಡುವ ಬಿಡುವು.
• 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ.
• ಅರ್ಹತೆಗೆ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನಗಳ ಕೆಲಸ.

ವೇತನವನ್ನು ಲೆಕ್ಕಹಾಕುವ ಬಗೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಕೊಯಮತ್ತೂರು ಕಾರ್ಮಿಕ ನ್ಯಾಯಾಲಯದಿಂದ ಬಂದ ಆ ಪ್ರಕರಣದಲ್ಲಿ ತೋಟದ ಕಾರ್ಮಿಕ ಮಹಿಳೆಯೊಬ್ಬರು ರಜೆಯ ಅವಧಿಯ ಭಾನುವಾರಗಳಿಗೂ ಹಣ ಕೊಡಬೇಕೆಂದು ವಾದಿಸಿದ್ದರು. ವಾರವೆಂದರೆ ಏಳು ದಿನ, ವೇತನವಿಲ್ಲದ ಭಾನುವಾರವೂ ಅದರಲ್ಲಿ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು. 2000ದ ಮಾರ್ಚ್‌ನಲ್ಲಿ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ, ಮಸ್ಟರ್ ರೋಲ್ ಮೇಲೆ ದಿನಗೂಲಿಗೆ ದುಡಿಯುವ ಮಹಿಳೆಯರೂ ಹೆರಿಗೆ ಸೌಲಭ್ಯಕ್ಕೆ ಅರ್ಹರೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. 2023ರಲ್ಲಿ, ಗುತ್ತಿಗೆಯ ಅವಧಿ ಮುಗಿದರೂ ಪೂರ್ಣ ಅವಧಿಯ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಹೇಳಿತು. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಸರ್ಕಾರಿ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಹೆರಿಗೆ ರಜೆಯು ಮಹಿಳೆಯ ಸಂತಾನ ಸಂಬಂಧಿ ಹಕ್ಕುಗಳ ಭಾಗವೆಂದು ಪರಿಗಣಿಸಿತು.

ಕಾಯ್ದೆಯ ವ್ಯಾಪ್ತಿ ಮತ್ತು ಹೊಗೆಸೊಪ್ಪು

1961ರ ಕಾಯ್ದೆಯು ಕಾರ್ಖಾನೆ, ಗಣಿ ಮತ್ತು ತೋಟಗಳಿಗೂ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ ಹಾಗೂ ಸಂಸ್ಥೆಗಳಿಗೂ ಅನ್ವಯವಾಗುತ್ತಿತ್ತು. ಸಾಮಾನ್ಯ ವ್ಯವಸಾಯದ ಕೂಲಿ ಈ ಪಟ್ಟಿಯಲ್ಲಿಲ್ಲ. ಇಲ್ಲಿ ‘ತೋಟ’ ಎಂಬ ಮಾತಿಗೆ 1951ರ ತೋಟ ಕಾರ್ಮಿಕರ ಕಾಯ್ದೆಯ ಅರ್ಥವೇ ಸಲ್ಲುತ್ತದೆ. ಆ ಕಾಯ್ದೆಯು ಹೆಸರಿಸುವ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿ. ಐದು ಹೆಕ್ಟೇರ್ ಅಥವಾ ಹೆಚ್ಚು ವಿಸ್ತೀರ್ಣವಿದ್ದು ಹದಿನೈದು ಅಥವಾ ಹೆಚ್ಚು ಕಾರ್ಮಿಕರಿದ್ದರೆ ಅದು ಅನ್ವಯವಾಗುತ್ತಿತ್ತು. ಹೊಗೆಸೊಪ್ಪು ಈ ಪಟ್ಟಿಯಲ್ಲಿ ಸೇರಿಲ್ಲ.

ಇದರ ಪರಿಣಾಮ ಈ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣಗಳ ಕಾಡಂಚಿನ ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ ಮತ್ತು ಯರವ ಸಮುದಾಯಗಳ ಹೆಂಗಸರು ಗಂಡಸರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಕೆಲವರು ಹಣ್ಣು ಕೊಯ್ಯುವ ಕಾಲದಲ್ಲಿ ತೋಟದ ಲೈನ್ ಮನೆಗಳಲ್ಲಿಯೇ ಉಳಿಯುತ್ತಾರೆ. ನವೆಂಬರಿನಿಂದ ಮಾರ್ಚ್‌ವರೆಗೆ ದೊಡ್ಡ ತೋಟವೊಂದರಲ್ಲಿ 80 ದಿನ ಕೊಯ್ಲು ಮಾಡಿದ ಮಹಿಳೆಯೊಬ್ಬಳು ಕಾನೂನಿನ ಪ್ರಕಾರ ಹೆರಿಗೆ ಸೌಲಭ್ಯಕ್ಕೆ ಅರ್ಹಳು. ಅದೇ ಮಹಿಳೆ ಜುಲೈನಿಂದ ಅಕ್ಟೋಬರ್‌ವರೆಗೆ ತನ್ನ ಊರ ಹತ್ತಿರದ ಹೊಲದಲ್ಲಿ ಅಷ್ಟೇ ದಿನ ಹೊಗೆಸೊಪ್ಪು ಕಟ್ಟಿದರೆ ಅವಳಿಗೆ ಅಂತಹ ಹಕ್ಕಿಲ್ಲ. ಕೂಲಿ, ಬಿಸಿಲು, ಭಾರ ಇವುಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲದಿದ್ದರೂ ಬೆಳೆ ಬದಲಾದೊಡನೆ ಹಕ್ಕು ಬದಲಾಗುತ್ತದೆ.

ತೋಟದಲ್ಲಿಯೂ ಹಕ್ಕು ತಾನಾಗಿ ಕೈಗೆ ಬರುವುದಿಲ್ಲ. 80 ದಿನಗಳ ದುಡಿಮೆಯನ್ನು ರುಜುವಾತುಪಡಿಸಲು ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಬೇರೆ ಬೇರೆ ತೋಟಗಳಲ್ಲಿ ಬಿಡಿಬಿಡಿಯಾಗಿ ದುಡಿದವರು, ಮೇಸ್ತ್ರಿಯ ಮೂಲಕ ಗುಂಪಿನಲ್ಲಿ ಹೋದವರು, ಐದು ಹೆಕ್ಟೇರಿಗಿಂತ ಸಣ್ಣ ತೋಟಗಳಲ್ಲಿ ದುಡಿದವರು ಇದರಿಂದ ಸುಲಭವಾಗಿ ಹೊರಗುಳಿಯುತ್ತಾರೆ.

ಹೊಗೆಸೊಪ್ಪಿನ ಉದ್ಯಮದೊಳಗೂ ಇಂತಹ ಭೇದವಿದೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ (ಉದ್ಯೋಗ ಷರತ್ತುಗಳು) ಕಾಯ್ದೆ, 1966 ಮನೆಯಲ್ಲಿ ಕುಳಿತು ಬೀಡಿ ಸುತ್ತುವ ಮಹಿಳೆಯರಿಗೂ ಹೆರಿಗೆ ಸೌಲಭ್ಯವನ್ನು ವಿಸ್ತರಿಸಿತ್ತು. ಸೊಪ್ಪನ್ನು ಸಂಸ್ಕರಿಸುವ ಕಾರ್ಖಾನೆಯ ಕೆಲಸಗಾರ್ತಿಯರಿಗೂ ಅದು ಸಲ್ಲುತ್ತದೆ. ಬೆಳೆಯುವ, ಕೀಳುವ, ಕಟ್ಟುವ ಹಂತದ ಹೆಣ್ಣಾಳುಗಳು ಮಾತ್ರ ಹೊರಗುಳಿದಿದ್ದಾರೆ. ಮಂಡಳಿಯ ದಾಖಲೆಯಲ್ಲಿ ಬೆಳೆಗಾರನ ಹೆಸರೂ ಬ್ಯಾರನ್ನಿನ ಪರವಾನಗಿಯೂ ಹರಾಜಿಗೆ ಬಂದ ಬೇಲಿನ ತೂಕವೂ ಇರುತ್ತವೆ. ಸೊಪ್ಪು ಕಟ್ಟಿದವರ ಹಾಜರಿ ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ.

1961ರ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಇತ್ತು. ಅದರ 2ನೆಯ ಪ್ರಕರಣವು, ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು ರಾಜ್ಯ ಸರ್ಕಾರವು ಕಾಯ್ದೆಯನ್ನು ಇತರ ಸಂಸ್ಥೆಗಳಿಗೆ, ವ್ಯವಸಾಯಕ್ಕೆ ಸೇರಿದವುಗಳಿಗೂ, ಅಧಿಸೂಚನೆಯ ಮೂಲಕ ವಿಸ್ತರಿಸಬಹುದೆಂದು ಹೇಳುತ್ತಿತ್ತು. ಅಸಂಘಟಿತ ಕಾರ್ಮಿಕರಿಗೆ ಆರೋಗ್ಯ ಮತ್ತು ಹೆರಿಗೆ ಸೌಲಭ್ಯದ ಯೋಜನೆಗಳನ್ನು ರೂಪಿಸಬೇಕೆಂದು 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಹೇಳುತ್ತಿತ್ತು, 2020ರ ಸಂಹಿತೆಯೂ ಹೇಳುತ್ತದೆ. ಆದರೆ ಅವು ಯೋಜನೆಯ ಭರವಸೆಗಳೇ ಹೊರತು ನಿರ್ದಿಷ್ಟ ವಾರಗಳ ವೇತನದ ಹಕ್ಕಲ್ಲ.

ವಿವಿಧ ವರ್ಗಗಳ ಸ್ಥಿತಿ

ಸರ್ಕಾರಿ ನೌಕರರು: ಕರ್ನಾಟಕ ಸರ್ಕಾರಿ ಸೇವಾ ನಿಯಮಗಳ ಪ್ರಕಾರ ಎರಡಕ್ಕಿಂತ ಕಡಿಮೆ ಜೀವಂತ ಮಕ್ಕಳಿರುವ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆ ಇದೆ. ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. 2021ರಿಂದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ ಒಟ್ಟು ಆರು ತಿಂಗಳ ಶಿಶುಪಾಲನಾ ರಜೆಯೂ ದೊರೆಯುತ್ತಿದೆ. ಈ ತಾಲ್ಲೂಕುಗಳ ಸರ್ಕಾರಿ ಶಾಲೆ, ಆಸ್ಪತ್ರೆ ಮತ್ತು ಕಚೇರಿಗಳ ಕಾಯಂ ನೌಕರರು ಈ ಗುಂಪಿನವರು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆ 730 ದಿನಗಳವರೆಗೆ ಇದೆ.

ಕಾರ್ಖಾನೆ ಕೆಲಸಗಾರ್ತಿಯರು: ತಿಂಗಳಿಗೆ 21,000 ರೂಪಾಯಿಗಳವರೆಗೆ ವೇತನವಿದ್ದು ಇ.ಎಸ್.ಐ. ವ್ಯಾಪ್ತಿಗೆ ಬರುವವರಿಗೆ 26 ವಾರಗಳ ಪೂರ್ಣ ವೇತನವನ್ನು ವಿಮಾ ನಿಗಮವೇ ನೀಡುತ್ತದೆ. 2019ರ ಜುಲೈನಿಂದ ಈ ವಿಮೆಗೆ ಮಾಲೀಕರ ವಂತಿಗೆ ವೇತನದ ಶೇ. 3.25, ನೌಕರರದು ಶೇ. 0.75. ಹೆರಿಗೆಯ ಖರ್ಚು ಒಬ್ಬ ಮಾಲೀಕನ ಮೇಲೆ ಬೀಳದೆ ಎಲ್ಲರಲ್ಲಿ ಹಂಚಿಹೋಗುತ್ತದೆ.

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು: ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಸಹಾಯಕಿಯರು ಗೌರವಧನದ ಮೇಲೆ ದುಡಿಯುವವರಾದರೂ ಅವರಿಗೆ 180 ದಿನಗಳ ಹೆರಿಗೆ ರಜೆ ಇದೆ. ಊರಿನ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯರ ಆದಾಯದ ಒಂದು ಭಾಗ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೆಲಸ ನಿಂತರೆ ಆ ಆದಾಯವೂ ನಿಲ್ಲುತ್ತದೆ.

ಕಟ್ಟಡ ಕಾರ್ಮಿಕರು: ಮೈಸೂರು ನಗರಕ್ಕೆ ಗಾರೆ ಕೆಲಸಕ್ಕೆ ಹೋಗುವ ಹೆಂಗಸರು ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಹೆರಿಗೆ ಸಹಾಯಧನ ಪಡೆಯಬಹುದು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನಗಳ ಕೆಲಸ ಮಾಡಿರಬೇಕು.

ವ್ಯವಸಾಯದ ಕೂಲಿಕಾರರು ಮತ್ತು ರೈತ ಮಹಿಳೆಯರು: ಇವರಿಗೆ ಶಾಸನಬದ್ಧವಾದ ವೇತನಸಹಿತ ರಜೆ ಇಲ್ಲ. ಮುಂದೆ ಹೇಳುವ ನಗದು ನೆರವೇ ಇವರಿಗಿರುವ ಮುಖ್ಯ ಸೌಲಭ್ಯ.

ಆರೋಗ್ಯದ ಪ್ರಶ್ನೆ

ಹಸಿರು ಹೊಗೆಸೊಪ್ಪಿನ ಕೆಲಸದಲ್ಲಿ ರಜೆಯ ಅಗತ್ಯ ವಿಶ್ರಾಂತಿಗೆ ಮಾತ್ರ ಸೀಮಿತವಲ್ಲ. ಮಂಜು ಅಥವಾ ಮಳೆಯಿಂದ ತೊಯ್ದ ಎಲೆಗಳನ್ನು ಮುಟ್ಟಿದಾಗ ಅದರಲ್ಲಿನ ನಿಕೋಟಿನ್ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಇದರಿಂದ ಓಕರಿಕೆ, ವಾಂತಿ, ತಲೆನೋವು, ತಲೆಸುತ್ತು, ನಿಶ್ಶಕ್ತಿ ಉಂಟಾಗುತ್ತವೆ. ವೈದ್ಯಶಾಸ್ತ್ರದಲ್ಲಿ ಇದನ್ನು ಹಸಿರು ತಂಬಾಕು ಬೇನೆ ಎಂದು ಗುರುತಿಸಲಾಗಿದೆ. ಈ ಲಕ್ಷಣಗಳು ಬಸಿರಿನ ಮೊದಲ ತಿಂಗಳುಗಳ ಲಕ್ಷಣಗಳನ್ನೇ ಹೋಲುವುದರಿಂದ ಬಸುರಿಯರಲ್ಲಿ ಇದನ್ನು ಬೇರೆಯಾಗಿ ಗುರುತಿಸುವುದು ಕಷ್ಟ. ನಿಕೋಟಿನ್ ಮಾಸಿನ ಮೂಲಕ ಭ್ರೂಣವನ್ನೂ ಎದೆಹಾಲಿನ ಮೂಲಕ ಶಿಶುವನ್ನೂ ತಲುಪಬಲ್ಲದು.

ಸೊಪ್ಪು ಕೀಳುವ ಮತ್ತು ಕಟ್ಟುವ ಕಾಲವು ಮುಂಗಾರು ಮಳೆಯ ತಿಂಗಳುಗಳೊಂದಿಗೆ ಕೂಡಿಬರುವುದರಿಂದ ಈ ಸೀಮೆಯಲ್ಲಿ ಎಲೆ ಒದ್ದೆಯಾಗಿರುವುದೇ ಹೆಚ್ಚು. ಕೈಗವಸು, ತೋಳು ಮುಚ್ಚುವ ಬಟ್ಟೆ ಮತ್ತು ಎಲೆ ಒಣಗಿದ ಮೇಲೆ ಕೀಳುವುದು ಅಪಾಯವನ್ನು ತಗ್ಗಿಸುತ್ತವೆ. ಬಸುರಿ ಮತ್ತು ಹಾಲೂಡುವ ತಾಯಂದಿರಿಗೆ ಖಚಿತವಾದ ರಕ್ಷಣೆಯೆಂದರೆ ಆ ಕೆಲಸದಿಂದ ದೂರವಿರುವುದು. ಕೂಲಿ ಕಳೆದುಕೊಳ್ಳದೆ ಅದು ಸಾಧ್ಯವಾಗಬೇಕಾದರೆ ವೇತನಸಹಿತ ರಜೆ ಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2001ರ ವ್ಯವಸಾಯ ಸುರಕ್ಷತೆ ಮತ್ತು ಆರೋಗ್ಯ ಒಡಂಬಡಿಕೆಯು (ಸಂಖ್ಯೆ 184) ಬಸಿರು ಮತ್ತು ಹಾಲೂಡುವಿಕೆಯ ವಿಶೇಷ ಅಗತ್ಯಗಳನ್ನು ಗಮನಿಸಬೇಕೆಂದು ಹೇಳುತ್ತದೆ. ಭಾರತ ಅದನ್ನು ಸ್ಥಿರೀಕರಿಸಿಲ್ಲ.

ನಗದು ಮತ್ತು ಆಹಾರದ ನೆರವು

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013 ಪ್ರತಿಯೊಬ್ಬ ಗರ್ಭಿಣಿ ಹಾಗೂ ಹಾಲೂಡುವ ತಾಯಿಗೆ 6,000 ರೂಪಾಯಿಗಳಿಗೆ ಕಡಿಮೆಯಿಲ್ಲದ ಹೆರಿಗೆ ನೆರವನ್ನು ವಿಧಿಸಿದೆ. ಸರ್ಕಾರದ ಕಾಯಂ ನೌಕರರು ಇದರಿಂದ ಹೊರಗೆ. ಇದನ್ನು ಜಾರಿಗೆ ತರಲು 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಮೊದಲ ಮಗುವಿಗೆ 5,000 ರೂಪಾಯಿಗಳನ್ನು ಕಂತುಗಳಲ್ಲಿ ನೀಡುತ್ತದೆ. 2022ರಿಂದ, ಎರಡನೆಯ ಮಗು ಹೆಣ್ಣಾದಲ್ಲಿ 6,000 ರೂಪಾಯಿ ದೊರೆಯುತ್ತದೆ. ಆಸ್ಪತ್ರೆ ಹೆರಿಗೆಗಾಗಿ 2005ರಿಂದ ಇರುವ ಜನನಿ ಸುರಕ್ಷಾ ಯೋಜನೆಯ ನೆರವು ಇದಕ್ಕೆ ಹೊರತಾದದ್ದು. ಕರ್ನಾಟಕವು 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಡಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ ನೀಡುವ ವ್ಯವಸ್ಥೆಯಾಯಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು.

ನಗದು ನೆರವು ಮತ್ತು ವೇತನಸಹಿತ ರಜೆಯ ನಡುವಿನ ಅಂತರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಅದೇ ದರದಲ್ಲಿ 26 ವಾರಗಳ, ಅಂದರೆ 182 ದಿನಗಳ ಹೆರಿಗೆ ವೇತನ 67,340 ರೂಪಾಯಿಗಳಾಗುತ್ತದೆ. ಮೊದಲ ಮಗುವಿಗೆ ದೊರೆಯುವ 5,000 ರೂಪಾಯಿ ಸುಮಾರು 13 ದಿನಗಳ ಕೂಲಿಗೆ ಸಮ.

ನೆರೆಯ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು ಯೋಜನೆಯು ಬಡ ಕುಟುಂಬಗಳ ಬಸುರಿಯರಿಗೆ ನಗದು ಮತ್ತು ಪೌಷ್ಟಿಕ ಆಹಾರದ ಕಿಟ್ ಸೇರಿ 18,000 ರೂಪಾಯಿ ಮೌಲ್ಯದ ನೆರವು ನೀಡುತ್ತದೆ.

ಇತರ ದೇಶಗಳೊಂದಿಗೆ ಹೋಲಿಕೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919, 1952 ಮತ್ತು 2000ದಲ್ಲಿ ಹೆರಿಗೆ ರಕ್ಷಣೆಯ ಒಡಂಬಡಿಕೆಗಳನ್ನು ಅಂಗೀಕರಿಸಿತು. ಕೊನೆಯದು (ಸಂಖ್ಯೆ 183) ಕನಿಷ್ಠ 14 ವಾರಗಳ ರಜೆಯನ್ನೂ ಹಿಂದಿನ ಗಳಿಕೆಯ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದ ನಗದನ್ನೂ ವಿಧಿಸುತ್ತದೆ. ಖರ್ಚನ್ನು ಮಾಲೀಕರೊಬ್ಬರ ಮೇಲೆಯೇ ಹೊರಿಸದೆ ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಭರಿಸಬೇಕೆಂಬುದು ಅದರ ಸಾಮಾನ್ಯ ತತ್ವ. ಭಾರತ ಈ ಮೂರನ್ನೂ ಸ್ಥಿರೀಕರಿಸಿಲ್ಲ. ದೇಶಗಳ ನಡುವಿನ ವ್ಯತ್ಯಾಸವನ್ನು ಅವಧಿ, ಹಣ ಕೊಡುವವರು, ಒಳಗೊಳ್ಳುವವರು ಎಂಬ ಮೂರು ನೆಲೆಗಳಲ್ಲಿ ಗಮನಿಸಬಹುದು.

• ಸ್ವೀಡನ್: 1974ರಲ್ಲಿ ಹೆರಿಗೆ ರಜೆಯನ್ನು ತಾಯಿ ತಂದೆಯರಿಬ್ಬರಿಗೂ ಸಲ್ಲುವ ಪೋಷಕ ರಜೆಯಾಗಿ ಮಾರ್ಪಡಿಸಿದ ಮೊದಲ ದೇಶ. ಈಗ ಒಟ್ಟು 480 ದಿನಗಳಿದ್ದು, ಅದರಲ್ಲಿ ತಲಾ 90 ದಿನಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಹಣ ಸಾಮಾಜಿಕ ವಿಮೆಯಿಂದ ಬರುತ್ತದೆ.
• ನಾರ್ವೆ: 1993ರಲ್ಲಿ ತಂದೆಗೆಂದೇ ಪ್ರತ್ಯೇಕ ಪಾಲನ್ನು ಮೀಸಲಿಟ್ಟಿತು.
• ಜಪಾನ್: ತಾಯಿ ತಂದೆಯರಿಬ್ಬರಿಗೂ ಮಗುವಿಗೆ ಒಂದು ವರ್ಷ ತುಂಬುವವರೆಗೆ ಪಾಲನಾ ರಜೆಯ ಹಕ್ಕಿದೆ. ಮೊದಲ 180 ದಿನ ವೇತನದ ಶೇ. 67ರಷ್ಟನ್ನು ಉದ್ಯೋಗ ವಿಮೆ ನೀಡುತ್ತದೆ.
• ಬ್ರಿಟನ್: 52 ವಾರಗಳ ರಜೆ, ಅದರಲ್ಲಿ 39 ವಾರಗಳಿಗೆ ಶಾಸನಬದ್ಧ ವೇತನ. ಮೊದಲ 6 ವಾರ ಗಳಿಕೆಯ ಶೇ. 90.
• ವಿಯೆಟ್ನಾಂ: ಸಾಮಾಜಿಕ ವಿಮೆಯಿಂದ ಆರು ತಿಂಗಳು.
• ಅಮೆರಿಕ ಸಂಯುಕ್ತ ಸಂಸ್ಥಾನ: 1993ರ ಕಾನೂನು 12 ವಾರಗಳ ರಜೆ ನೀಡುತ್ತದೆ, ಆದರೆ ವೇತನವಿಲ್ಲ. 50ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳು ಅದರಿಂದ ಹೊರಗೆ. ಕ್ಯಾಲಿಫೋರ್ನಿಯಾ 2004ರಲ್ಲಿ ವೇತನಸಹಿತ ರಜೆಯನ್ನು ಜಾರಿಗೆ ತಂದಿತು. ಬಳಿಕ ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು.

ಹೊಗೆಸೊಪ್ಪಿನ ಸೀಮೆಯ ದೃಷ್ಟಿಯಿಂದ ಎರಡು ದೇಶಗಳ ವ್ಯವಸ್ಥೆ ವಿಶೇಷವಾಗಿ ಗಮನಾರ್ಹ. ಭಾರತದಂತೆಯೇ ಹೊಗೆಸೊಪ್ಪು ರಫ್ತಿನಲ್ಲಿ ಪ್ರಮುಖವಾದ ಬ್ರೆಜಿಲಿನ ದಕ್ಷಿಣ ಭಾಗದಲ್ಲಿಯೂ ಬೆಳೆಗಾರರು ಹೆಚ್ಚಾಗಿ ಸಣ್ಣ ಕುಟುಂಬ ಹಿಡುವಳಿದಾರರು. ಅಲ್ಲಿ ಕುಟುಂಬದ ಹೊಲದಲ್ಲಿ ದುಡಿಯುವ ರೈತ ಮಹಿಳೆಯನ್ನು ಸಾಮಾಜಿಕ ವಿಮೆಯು ವಿಶೇಷ ವರ್ಗದ ವಿಮಾದಾರಳೆಂದು ಪರಿಗಣಿಸಿ, ಹೆರಿಗೆಯ ಸಂದರ್ಭದಲ್ಲಿ 120 ದಿನ ರಾಷ್ಟ್ರೀಯ ಕನಿಷ್ಠ ವೇತನವನ್ನು ನೀಡುತ್ತದೆ. ಮಾಲೀಕರು ಇಲ್ಲದಿರುವುದು ಅಲ್ಲಿ ಅಡ್ಡಿಯಾಗಿಲ್ಲ. ಹೊಲದಲ್ಲಿ ದುಡಿದದ್ದಕ್ಕೆ ದಾಖಲೆ ಇದ್ದರೆ ಸಾಕು. ಫ್ರಾನ್ಸಿನಲ್ಲಿ ಕೃಷಿ ವಿಮಾ ವ್ಯವಸ್ಥೆಯು ಹೆರಿಗೆಯ ಅವಧಿಯಲ್ಲಿ ರೈತ ಮಹಿಳೆಯ ಬದಲಿಗೆ ಹೊಲದಲ್ಲಿ ದುಡಿಯುವ ಆಳಿನ ಖರ್ಚನ್ನು ಭರಿಸುತ್ತದೆ. ಮುಯ್ಯಾಳಿನ ಪದ್ಧತಿಯಲ್ಲಿ ಮನೆಯವರ ಮೇಲೆ ಬೀಳುವ ಹೊರೆಯನ್ನು ಅಲ್ಲಿ ವಿಮೆ ಹೊರುತ್ತದೆ.

ತಂದೆಯ ರಜೆ

ಭಾರತದಲ್ಲಿ ಖಾಸಗಿ ವಲಯದ ತಂದೆಯರಿಗೆ ರಜೆಯನ್ನು ಕಡ್ಡಾಯಗೊಳಿಸುವ ಕಾನೂನಿಲ್ಲ. 2017ರಲ್ಲಿ ಲೋಕಸಭಾ ಸದಸ್ಯ ರಾಜೀವ್ ಸಾತವ್ ಮಂಡಿಸಿದ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಅಂಗೀಕಾರವಾಗಲಿಲ್ಲ. ಬಾಣಂತನವನ್ನು ತವರಿನ ಹೆಂಗಸರ ಹೊಣೆಯೆಂದು ಕಾಣುವ ರೂಢಿಯಲ್ಲಿ ತಂದೆಯ ಪಾತ್ರ ಕಿರಿದು. ಬ್ಯಾರನ್ ಉರಿಯುವ ದಿನಗಳಲ್ಲಿ ರಾತ್ರಿಯಿಡೀ ಬೆಂಕಿ ಕಾಯುವ ಗಂಡಸರಿಗೂ ಆ ಹೊತ್ತಿನಲ್ಲಿ ಬಿಡುವಿರುವುದಿಲ್ಲ.

ವಿಮರ್ಶೆ

2017ರ ತಿದ್ದುಪಡಿಯ ಬಗ್ಗೆ ಎರಡು ಮುಖ್ಯ ಆಕ್ಷೇಪಗಳಿವೆ. ಇ.ಎಸ್.ಐ. ಇಲ್ಲದ ಕಡೆ 26 ವಾರಗಳ ಪೂರ್ಣ ವೇತನವನ್ನು ಮಾಲೀಕನೇ ಭರಿಸಬೇಕಾಗಿರುವುದರಿಂದ ಸಣ್ಣ ಸಂಸ್ಥೆಗಳು ಮಹಿಳೆಯರನ್ನು ನೇಮಿಸಿಕೊಳ್ಳಲು ಹಿಂಜರಿಯುತ್ತವೆ ಎಂಬುದು ಮೊದಲನೆಯದು. ಸಂಘಟಿತ ವಲಯದ ರಜೆ ಹೆಚ್ಚಿದರೂ ದುಡಿಯುವ ಮಹಿಳೆಯರಲ್ಲಿ ಬಹುಸಂಖ್ಯಾತರಾದ ವ್ಯವಸಾಯದ ಕೂಲಿಕಾರರು ಮತ್ತು ಸ್ವಂತ ಹೊಲದವರು ಹೊರಗೇ ಉಳಿದರು ಎಂಬುದು ಎರಡನೆಯದು. ಈ ಎರಡಕ್ಕೂ ಪರಿಹಾರವಾಗಿ ಸೂಚಿತವಾಗಿರುವುದು, ಮಾಲೀಕರ ಹೊಣೆಗಾರಿಕೆಯ ಬದಲು ಎಲ್ಲರನ್ನೂ ಒಳಗೊಳ್ಳುವ ವಿಮೆ ಅಥವಾ ಸಾರ್ವಜನಿಕ ನಿಧಿಯ ವ್ಯವಸ್ಥೆ.

ಅಂತಹ ವ್ಯವಸ್ಥೆಗೆ ಬೇಕಾದ ದಾಖಲೆಗಳ ಒಂದು ಭಾಗ ಈ ಸೀಮೆಯಲ್ಲಿ ಈಗಾಗಲೇ ಇದೆ. ಬಸುರಿಯ ನೋಂದಣಿಯ ‘ತಾಯಿ ಕಾರ್ಡ್’ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಬೆಳೆಗಾರ ಮತ್ತು ಬ್ಯಾರನ್‌ಗಳ ಪಟ್ಟಿ ತಂಬಾಕು ಮಂಡಳಿಯಲ್ಲಿಯೂ ಅಸಂಘಟಿತ ಕಾರ್ಮಿಕರ ಹೆಸರುಗಳು 2021ರಲ್ಲಿ ಆರಂಭವಾದ ಇ-ಶ್ರಮ್ ಜಾಲತಾಣದಲ್ಲಿಯೂ ದಾಖಲಾಗುತ್ತವೆ. ಹೊಲದಲ್ಲಿ ದುಡಿದ ದಿನಗಳ ಲೆಕ್ಕವೊಂದೇ ಇನ್ನೂ ಯಾವ ಪುಸ್ತಕದಲ್ಲಿಯೂ ದಾಖಲಾಗುತ್ತಿಲ್ಲ.